ಕೆಮ್ಮು ಅಂತ ಬಂದೋರನ್ನ ಯಾರು ಎಣಿಸ್ತಾರೆ?

ಎಮ್ಮೆಸ್ಸಿ ನರ್ಸಿಂಗ್ ಮಕ್ಳು ಡಿಸರ್ಟೇಶನ್ ಟಾಪಿಕ್ ಹುಡುಕೋ ಟೈಮ್ ಇದು. ನಾನು ಕಮ್ಯುನಿಟಿ ಹೆಲ್ತ್ ಪಾಠ ಮಾಡೋಳು, ಊರು ತುಮಕೂರು ಕಡೆ, ಹಾಗಾಗಿ ಟಿಬಿ ಮೇಲೆ ಮಾಡ್ತೀನಿ ಅನ್ನೋರೆಲ್ಲ ನನ್ನ ಹತ್ರಾನೇ ಬರ್ತಾರೆ. ಬರೋವಾಗ್ಲೇ ಟೈಟಲ್ ರೆಡಿ ಇರುತ್ತೆ. "ಇಂಥ ತಾಲೂಕಿನ ಆಯ್ದ ಹಳ್ಳಿಯ ಜನರಲ್ಲಿ ಕ್ಷಯರೋಗದ ಬಗ್ಗೆ ಇರುವ ತಿಳುವಳಿಕೆಯ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ." ತಾಲೂಕಿನ ಹೆಸರು ಬದಲಾಗುತ್ತೆ, ಕಾಯಿಲೆ ಹೆಸರು ಬದಲಾಗುತ್ತೆ, ಉಳಿದಿದ್ದೆಲ್ಲ ಅದೇ. ಹಳ್ಳಿಗೆ ಹೋಗೋದು, ಅಂಗನವಾಡೀಲಿ ಒಂದಷ್ಟು ಹೆಂಗಸರನ್ನ ಕೂರಿಸೋದು, ಕ್ಷಯ ಹೇಗೆ ಹರಡುತ್ತೆ, ಗಾಳಿಯಿಂದಾನಾ ನೀರಿನಿಂದಾನಾ ಸೊಳ್ಳೆಯಿಂದಾನಾ ಅಂತ ಕೇಳಿ ಟಿಕ್ ಹಾಕಿಸೋದು, ಆಮೇಲೆ ಫ್ಲಿಪ್ ಚಾರ್ಟ್ ಹಿಡ್ಕೊಂಡು ಮುಕ್ಕಾಲು ಗಂಟೆ ಪಾಠ, ಏಳನೇ ದಿನ ಅದೇ ಪ್ರಶ್ನೆ ಮತ್ತೆ. ಸ್ಕೋರ್ ಏರಿರುತ್ತೆ, ಏರ್ದೆ ಇನ್ನೇನು, ಹೇಳ್ಕೊಟ್ಟಿದ್ದನ್ನೇ ತಾನೇ ಕೇಳಿದ್ದು. ಪಿ ವ್ಯಾಲ್ಯೂ, ಅಂದ್ರೆ ಈ ವ್ಯತ್ಯಾಸ ಆಕಸ್ಮಿಕ ಅಲ್ಲ ಅಂತ ತೋರಿಸೋ ಲೆಕ್ಕ, ಚೆನ್ನಾಗ್ ಬರುತ್ತೆ, ಬೈಂಡಿಂಗ್ ಆಗುತ್ತೆ, ಲೈಬ್ರರಿ ಸೇರುತ್ತೆ.

ಮಕ್ಕಳನ್ನ ಬಯ್ಯೋಕೆ ಇದನ್ನ ಬರೀತಿಲ್ಲ. ಅವ್ರಿಗೆ ಟೈಮಿಲ್ಲ, ದುಡ್ಡಿಲ್ಲ, ವಾರ್ಡ್ ಡ್ಯೂಟಿ ಮಧ್ಯ ಮಾಡ್ಬೇಕು, ಹಿಂದಿನ ಬ್ಯಾಚ್‌ನೋರು ಮಾಡಿದ್ದು ಪಾಸಾಗಿದೆ ಅಂದ್ಮೇಲೆ ಅದೇ ದಾರಿ ಹಿಡೀತಾರೆ. ನನಗೆ ಸಂಕಟ ಆಗೋದು ಬೇರೆ ವಿಷಯಕ್ಕೆ. ಈ ಥರ ಸ್ಟಡಿಗಳೆಲ್ಲ ಶುರುವಾಗೋದೇ ಒಂದು ನಂಬಿಕೆಯಿಂದ, ಜನಕ್ಕೆ ಗೊತ್ತಿಲ್ಲ ಅದಕ್ಕೇ ಕಾಯಿಲೆ ಕಡಿಮೆ ಆಗ್ತಿಲ್ಲ ಅಂತ. ಆ ನಂಬಿಕೇನ ಯಾರೂ ಪರೀಕ್ಷೆ ಮಾಡಲ್ಲ. ಆದ್ರೆ ಅದನ್ನ ಒಂದ್ಸಲ ಪರೀಕ್ಷೆ ಮಾಡಿ ಆಗಿದೆ, ಅರವತ್ತು ವರ್ಷದ ಹಿಂದೆ, ನಮ್ಮದೇ ತುಮಕೂರು ಜಿಲ್ಲೇಲಿ. ಪ್ರಪಂಚದ ಟಿಬಿ ಪುಸ್ತಕಗಳಲ್ಲಿ ಬರೋ ಸ್ಟಡಿ ಅದು, ತುಮಕೂರಲ್ಲಿ ನರ್ಸಿಂಗ್ ಓದೋ ಹುಡುಗೀಗೆ ಮಾತ್ರ ಯಾರೂ ಹೇಳಿರಲ್ಲ. ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆಗ್ಬಹುದು.

ಮೊದ್ಲು ಆ ಕಾಲ ಹೇಗಿತ್ತು ಅಂತ ಸ್ವಲ್ಪ ಹೇಳ್ಬೇಕು. ಟಿಬಿಗೆ ಔಷಧಿ ಅಂತ ಬಂದಿದ್ದೇ 1940ರ ದಶಕದ ಕೊನೇಲಿ, ಸ್ಟ್ರೆಪ್ಟೋಮೈಸಿನ್, ಪಾಸ್ (ಪಿಎಎಸ್) ಅನ್ನೋ ಔಷಧಿ, ಆಮೇಲೆ 1952ರಲ್ಲಿ ಐಸೋನಯಾಜಿಡ್. ಅದಕ್ಕೂ ಮುಂಚೆ ಸ್ಯಾನಟೋರಿಯಂ ಒಂದೇ ಗತಿ, ಒಳ್ಳೆ ಗಾಳಿ, ರೆಸ್ಟ್, ಹಾಲು ಮೊಟ್ಟೆ. ನಮ್ಮ ಕಡೆಯೋರಿಗೆ ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಗೊತ್ತಿರುತ್ತೆ, ಕೆಆರ್‌ಎಸ್ ರೋಡಲ್ಲಿ ಇದೆಯಲ್ಲ, ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಲ್ಲಿ ಕಟ್ಟಿಸಿದ್ದು. ಅರಮನೆ ಮನೆತನಾನೇ ಬಿಡದ ಕಾಯಿಲೆ ಇದು. ಕೋಲಾರದ ಆಚೆ ಗಡಿ ದಾಟಿದ್ರೆ ಮದನಪಲ್ಲಿಯ ಆರೋಗ್ಯವರಂ ಸ್ಯಾನಟೋರಿಯಂ. ಹಾಸಿಗೆ ಸಿಕ್ಕೋರು ಪುಣ್ಯವಂತರು, ಸಿಗದೆ ಇರೋರು ಮನೇಲೇ ಕೆಮ್ಮಿ ಕೆಮ್ಮಿ ಹೋಗ್ತಿದ್ರು. ಟಿಬಿ ಅಂದ್ರೆ ಪೇಟೆ ಕಾಯಿಲೆ, ಗಿರಣಿ ಹೊಗೆ, ಗಲ್ಲಿ ಮನೆ ಕಾಯಿಲೆ ಅಂತ ಡಾಕ್ಟ್ರುಗಳೂ ಅಂದ್ಕೊಂಡಿದ್ರು, 1955ರಿಂದ 58ರ ತನಕ ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ದೇಶದಲ್ಲಿ ಸರ್ವೆ ಮಾಡಿ ನೋಡಿದ್ರೆ ಹಳ್ಳೀಲೂ ಅಷ್ಟೇ ಇದೆ ಪೇಟೇಲೂ ಅಷ್ಟೇ ಇದೆ. ಅಂದ್ರೆ ಹಾಸಿಗೆ ಲೆಕ್ಕ ಹಾಕ್ಕೊಂಡು ಕೂತ್ರೆ ಯಾವ ಕಾಲಕ್ಕೂ ಮುಗಿಯಲ್ಲ ಅಂತ ಆಯ್ತು.

ಆಗ ಮದ್ರಾಸಲ್ಲಿ ಒಂದು ಟ್ರಯಲ್ ಆಯ್ತು. 1956ರಲ್ಲಿ ಶುರು, ವ್ಯಾಲೇಸ್ ಫಾಕ್ಸ್ ಅಂತ ಬ್ರಿಟಿಷ್ ಡಾಕ್ಟ್ರು ಮುಂದೆ ನಿಂತಿದ್ರು, ಜೊತೆಗೆ ಐಸಿಎಂಆರ್, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್. ಬಡ ರೋಗಿಗಳನ್ನ ಲಾಟರಿ ಥರ ಎರಡು ಗುಂಪು ಮಾಡಿದ್ರು, ಒಂದು ಗುಂಪು ಸ್ಯಾನಟೋರಿಯಂಗೆ, ಇನ್ನೊಂದು ಮನೇಲೇ ಇರ್ಬೇಕು. ಔಷಧಿ ಇಬ್ರಿಗೂ ಒಂದೇ, ಐಸೋನಯಾಜಿಡ್ ಮತ್ತೆ ಪಾಸ್, ಒಂದು ವರ್ಷ. ಸ್ಯಾನಟೋರಿಯಂನೋರಿಗೆ ಹಾಸಿಗೆ, ರೆಸ್ಟು, ಒಳ್ಳೆ ಊಟ. ಮನೇಲಿದ್ದೋರಿಗೆ ಅದೇ ಒಂದು ರೂಮಿನ ಮನೆ, ಅದೇ ಅರೆಹೊಟ್ಟೆ, ಕೈಲಾದಷ್ಟು ಕೆಲಸಾನೂ ಮಾಡ್ಬೇಕು. ವರ್ಷದ ಕೊನೆಗೆ ನೋಡಿದ್ರೆ ಸ್ಯಾನಟೋರಿಯಂಲಿ 92 ಪರ್ಸೆಂಟ್ ಜನಕ್ಕೆ ಕಾಯಿಲೆ ಹಿಡಿತಕ್ಕೆ ಬಂದಿತ್ತು, ಮನೇಲಿ 86 ಪರ್ಸೆಂಟ್. ಐದು ವರ್ಷ ಫಾಲೋ ಮಾಡಿದಾಗ ಆ ವ್ಯತ್ಯಾಸಾನೂ ಅಳಿಸಿ ಹೋಗಿತ್ತು. ಇನ್ನೂ ಮುಖ್ಯ ಏನಂದ್ರೆ ಮನೇಲಿ ಇಟ್ಕೊಂಡಿದ್ದಕ್ಕೆ ಮನೆಯೋರಿಗೆ ಹೆಚ್ಚಾಗಿ ಏನೂ ಅಂಟಿರಲಿಲ್ಲ, ಔಷಧಿ ಶುರು ಮಾಡೋದಕ್ಕೆ ಮುಂಚೇನೇ ಅಂಟೋದು ಅಂಟಿ ಆಗಿರ್ತಿತ್ತು. ಪ್ರಪಂಚದಲ್ಲೆಲ್ಲ ಸ್ಯಾನಟೋರಿಯಂಗಳು ಮುಚ್ಚಿದ್ದಕ್ಕೆ ಈ ಒಂದು ಟ್ರಯಲ್ ದೊಡ್ಡ ಕಾರಣ.

ಈ ಟ್ರಯಲ್ ಬಗ್ಗೆ ಡಾಕ್ಟ್ರುಗಳು ಮಾತಾಡೋವಾಗ ಒಂದು ವಿಷಯ ಬಿಟ್ಟುಬಿಡ್ತಾರೆ, ನಾನು ನರ್ಸ್ ಆಗಿರೋದ್ರಿಂದ ನಂಗೆ ಅದೇ ಕಣ್ಣಿಗೆ ಬೀಳೋದು. ಮನೇಲಿದ್ದ ರೋಗಿಗಳು ಔಷಧಿ ನಿಜವಾಗ್ಲೂ ತಗೊಂಡ್ರಾ ಅಂತ ನೋಡೋಕೆ ಹೆಲ್ತ್ ವಿಸಿಟರ್‌ಗಳು ಇದ್ರು. ಅವ್ರು ಹೇಳ್ದೆ ಕೇಳ್ದೆ ಮನೆಗೆ ಹೋಗಿ ಉಳಿದಿರೋ ಔಷಧಿ ಎಣಿಸೋರು, ಅಲ್ಲೇ ಯೂರಿನ್ ತಗೊಂಡು ಟೆಸ್ಟಿಗೆ ತರೋರು, ಪಾಸ್ ತಗೊಂಡಿದ್ರೆ ಯೂರಿನ್ನಲ್ಲಿ ಗೊತ್ತಾಗುತ್ತೆ. ಮನೇಲಿ ಜಗಳ ಆಗಿದ್ಯಾ, ಗಂಡ ಕೆಲಸ ಬಿಟ್ನಾ, ಹೊಟ್ಟೆ ಉರಿ ಅಂತ ಔಷಧಿ ಮೂಲೆಗಿಟ್ರಾ ಅನ್ನೋದೆಲ್ಲ ಮೊದ್ಲು ಗೊತ್ತಾಗ್ತಿದ್ದಿದ್ದು ಮನೆ ಹೊಸ್ತಿಲು ತುಳಿದೋರಿಗೇ ತಾನೇ. ಪೇಪರಲ್ಲಿ ಬರೋ 86 ಪರ್ಸೆಂಟ್ ಅನ್ನೋದು ಆ ಹೆಂಗಸರ ಕಾಲ್ನಡಿಗೆ ಮೇಲೆ ನಿಂತಿರೋ ನಂಬರ್ರು. ನರ್ಸಿಂಗ್ ರಿಸರ್ಚ್ ಅಂದ್ರೆ ಏನು ಅಂತ ಮಕ್ಳು ಕೇಳಿದ್ರೆ ನಾನು ಇದನ್ನೇ ಮೊದ್ಲು ಹೇಳ್ತೀನಿ.

ಈಗ ತುಮಕೂರಿಗೆ ಬರ್ತೀನಿ.

1959ರಲ್ಲಿ ಬೆಂಗಳೂರಲ್ಲಿ ನ್ಯಾಷನಲ್ ಟ್ಯೂಬರ್ಕ್ಯುಲೋಸಿಸ್ ಇನ್ಸ್ಟಿಟ್ಯೂಟ್ ಶುರುವಾಯ್ತು, ಬಳ್ಳಾರಿ ರೋಡಲ್ಲಿ, ಅವಲಾನ್ ಅನ್ನೋ ಹಳೇ ಬಂಗಲೇಲಿ. ಈಗ್ಲೂ ಅಲ್ಲೇ ಇದೆ, ಮೇಖ್ರಿ ಸರ್ಕಲ್ ಕಡೆ ಬಸ್ಸಲ್ಲಿ ಹೋಗೋವಾಗ ಎಷ್ಟೋ ಜನ ಬೋರ್ಡ್ ನೋಡಿರ್ತೀರ. ದೇಶಕ್ಕೆಲ್ಲ ಆಗೋ ಅಂಥ ಒಂದು ಟಿಬಿ ಕಾರ್ಯಕ್ರಮ ಹೇಗಿರ್ಬೇಕು ಅಂತ ಕಂಡುಹಿಡಿಯೋದು ಅವ್ರ ಕೆಲಸ. ಹಾಫ್ಡನ್ ಮಾಹ್ಲರ್ ಅಂತ ಡೆನ್ಮಾರ್ಕಿನ ಡಾಕ್ಟ್ರು ಇಲ್ಲಿ ಕೆಲಸ ಮಾಡಿದ್ರು, ಅವ್ರೇ ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಮುಖ್ಯಸ್ಥರಾಗಿದ್ದು, ಎಲ್ರಿಗೂ ಪ್ರಾಥಮಿಕ ಆರೋಗ್ಯ ಸೇವೆ ಅನ್ನೋ 1978ರ ಅಲ್ಮಾ ಆಟಾ ಘೋಷಣೆ ಬಂದಿದ್ದು ಅವ್ರ ಕಾಲದಲ್ಲೇ. ನಾವು ಕಮ್ಯುನಿಟಿ ಹೆಲ್ತ್ ಮೊದಲ ಅಧ್ಯಾಯದಲ್ಲಿ ಓದ್ತೀವಲ್ಲ ಪ್ರೈಮರಿ ಹೆಲ್ತ್ ಕೇರ್ ಅಂತ, ಅದರ ಬೇರು ಸ್ವಲ್ಪ ನಮ್ಮ ರಾಗಿ ಹೊಲದ ಸೀಮೇಲೂ ಇದೆ ಅಂತ ನಂಗೆ ಬಲವಾಗಿ ಅನ್ಸುತ್ತೆ.

ಇನ್ಸ್ಟಿಟ್ಯೂಟಿನೋರು 1960-61ರಲ್ಲಿ ತುಮಕೂರು ಜಿಲ್ಲೇಲಿ ದೊಡ್ಡ ಸರ್ವೆ ಮಾಡಿದ್ರು, ಎಕ್ಸ್‌ರೇ ಮಷೀನ್ ಹೊತ್ಕೊಂಡು ಹಳ್ಳಿ ಹಳ್ಳಿಗೆ ಹೋಗಿ, ಕಫ ತಗೊಂಡು. ಆ ಸರ್ವೇಲಿ ಕಾಯಿಲೆ ಇದೆ ಅಂತ ಗೊತ್ತಾದೋರನ್ನ ಇಟ್ಕೊಂಡು ಡಿ. ಬ್ಯಾನರ್ಜಿ ಮತ್ತೆ ಸ್ಟಿಗ್ ಆಂಡರ್ಸನ್ ಅಂತ ಇಬ್ರು ಇನ್ನೊಂದು ಕೆಲಸ ಮಾಡಿದ್ರು. ಬ್ಯಾನರ್ಜಿ ಡಾಕ್ಟ್ರೂ ಹೌದು, ಮಾನವಶಾಸ್ತ್ರ ಕಲ್ತೋರೂ ಹೌದು. ಅವ್ರು ಕೇಳಿದ್ದು "ಟಿಬಿ ಹೇಗೆ ಬರುತ್ತೆ ಗೊತ್ತಾ" ಅಂತ ಅಲ್ಲ. ನಿಮ್ಗೆ ಮೈಯಲ್ಲಿ ಏನಾಗ್ತಿದೆ, ಅದರ ಬಗ್ಗೆ ಚಿಂತೆ ಆಯ್ತಾ, ಆದ್ರೆ ಏನ್ ಮಾಡಿದ್ರಿ, ಎಲ್ಲಿಗೆ ಹೋದ್ರಿ ಅಂತ. ಕಾಯಿಲೆ ಇಲ್ಲದೋರನ್ನೂ ಹೋಲಿಕೆಗೆ ಅಂತ ಕೇಳಿದ್ರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬುಲೆಟಿನ್ನಲ್ಲಿ ಅದು ಪ್ರಿಂಟ್ ಆಯ್ತು.

ಸಿಕ್ಕಿದ್ದೇನು ಅಂದ್ರೆ, ಕಫದಲ್ಲಿ ಬ್ಯಾಕ್ಟೀರಿಯಾ ಇದ್ದೋರಲ್ಲಿ ಹೆಚ್ಚು ಕಮ್ಮಿ ಎಲ್ರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಮುಕ್ಕಾಲು ಪಾಲು ಜನ ಅದರ ಬಗ್ಗೆ ಚಿಂತೆ ಮಾಡಿದ್ರು. ಅರ್ಧದಷ್ಟು ಜನ ಚಿಂತೆ ಮಾಡಿ ಸುಮ್ನೆ ಕೂತಿರ್ಲಿಲ್ಲ, ಎದ್ದು ಹೋಗಿ ಸರ್ಕಾರಿ ದವಾಖಾನೆನೋ ಇನ್ಯಾವ್ದೋ ಇಂಗ್ಲಿಷ್ ಔಷಧಿ ಕೊಡೋ ಜಾಗಾನೋ ಮುಟ್ಟಿದ್ರು. 1960ರ ತುಮಕೂರು ಜಿಲ್ಲೆ ಇದು. ಬಸ್ಸು ಕಮ್ಮಿ, ಟಿವಿ ಇಲ್ಲ, ಜಾಗೃತಿ ಜಾಥಾ ಇಲ್ಲ, ಅಕ್ಷರ ಬಲ್ಲೋರು ಎಷ್ಟು ಜನ ಹೇಳಿ. ಆ ಜನ ಎಷ್ಟೋ ಮೈಲಿ ನಡ್ಕೊಂಡೋ ಗಾಡಿ ಕಟ್ಕೊಂಡೋ ಬಂದು ಕೆಮ್ಮು ಅಂತ ಹೇಳಿದ್ರು, ಹೇಳಿದೋರಲ್ಲಿ ಬಹಳಷ್ಟು ಜನಕ್ಕೆ ಸಿಕ್ಕಿದ್ದು ಒಂದು ಬಾಟ್ಲಿ ಕೆಮ್ಮಿನ ಔಷಧಿ. ಕಫ ನೋಡೋಣ ಅಂತ ಯಾರೂ ಅನ್ನಲಿಲ್ಲ.

ಇದನ್ನ ಮೊದಲ್ನೇ ಸಲ ಓದಿದಾಗ ನಂಗೆ ತುಂಬಾ ಹೊತ್ತು ಏನೂ ಮಾಡೋಕಾಗ್ಲಿಲ್ಲ. ಯಾಕಂದ್ರೆ ನಮ್ಮ ಓಪಿಡಿಗಳಲ್ಲಿ ಇವತ್ತೂ ಇದನ್ನ ನೋಡ್ತೀನಿ. ಸ್ಟೂಡೆಂಟ್ ಪೋಸ್ಟಿಂಗ್‌ಗೆ ಮಕ್ಕಳನ್ನ ಕರ್ಕೊಂಡು ಹೋಗಿದ್ದಾಗ, ಯಾವ ಪಿಎಚ್‌ಸಿ ಅಂತ ಬೇಡ, ಒಬ್ರು ಅಜ್ಜಿ ಬೆಂಚ್ ಮೇಲೆ ಕೂತಿದ್ರು, ಹುಣಸೆಹಣ್ಣು ಬಿಡಿಸೋ ಕೂಲಿ ಅವ್ರದ್ದು, ಬೆರಳ ಸಂದೀಲೆಲ್ಲ ಇನ್ನೂ ಕಪ್ಪು. ಎಷ್ಟು ದಿನದಿಂದ ಕೆಮ್ಮು ಅಜ್ಜಿ ಅಂದೆ. "ಯುಗಾದಿಗೂ ಮುಂಚಿಂದ ಕಣವ್ವ" ಅಂದ್ರು. ಆಗ ಆಷಾಢ. ಮುಂಚೆ ತೋರಿಸ್ಲಿಲ್ವಾ ಅಂದ್ರೆ ಸೊಂಟದ ಚೀಲದಿಂದ ಚೀಟಿಗಳನ್ನ ತೆಗೆದ್ರು, ನೀಟಾಗಿ ಮಡಚಿಟ್ಕೊಂಡಿದ್ರು, ಒಂದ್ರಲ್ಲೂ ತಾರೀಖು ಮಿಸ್ ಇಲ್ಲ. ಒಂದೊಂದ್ರಲ್ಲೂ ಸಿರಪ್ಪು, ಆಂಟಿಬಯಾಟಿಕ್ಕು, ಜ್ವರದ ಮಾತ್ರೆ. "ಬಂದಾಗೆಲ್ಲ ಕೊಟ್ಟವ್ರೆ, ಕುಡ್ದಿವ್ನಿ, ವಾಸಿ ಆಗ್ತಿಲ್ಲ, ಅದಕ್ಕೇ ಮತ್ತೆ ಬಂದೆ." ಆ ಅಜ್ಜಿಗೆ ಏನು ಬೋಧನಾ ಕಾರ್ಯಕ್ರಮ ಮಾಡೋದು ನಾನು? ಅವ್ರು ಮಾಡ್ಬೇಕಾಗಿದ್ದೆಲ್ಲ ಮಾಡಿದ್ರು. ಕೂಲಿ ಬಿಟ್ಟು ಬಂದಿದ್ರು, ಚೀಟಿ ಜೋಪಾನ ಮಾಡಿದ್ರು, ವಾಸಿ ಆಗ್ದಿದ್ದಾಗ ಮತ್ತೆ ಬಂದಿದ್ರು. ಮಾಡ್ದೆ ಇದ್ದೋರು ಟೇಬಲ್ಲಿನ ಈ ಕಡೆಯೋರು.

ಮೆಡಿಕಲ್ ಆಫೀಸರ್ ಮೇಲೆ ಹಾಕಿ ಕೈ ತೊಳ್ಕೊಳ್ಳೋ ವಿಷಯ ಅಲ್ಲ ಅದು. ಬೆಳಗ್ಗೆಯಿಂದ ಆ ರೂಮಲ್ಲಿ ಕೂತ್ರೆ ಗೊತ್ತಾಗುತ್ತೆ, ಒಬ್ಬೊಬ್ರಿಗೂ ಎರಡು ನಿಮಿಷ ಸಿಗಲ್ಲ, ಮೂರು ಜನರ ಕೆಲಸ ಒಬ್ರು ಮಾಡ್ತಿರ್ತಾರೆ. ಆದ್ರೆ "ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಾ" ಅನ್ನೋ ಒಂದು ಪ್ರಶ್ನೇನ ಚೀಟಿ ಬರೆಯೋ ಕೌಂಟರಲ್ಲೇ ಕೇಳ್ಬಹುದು, ಬಿಪಿ ನೋಡೋ ಸಿಸ್ಟರ್ ಕೇಳ್ಬಹುದು. ಇದಕ್ಕೆ ದುಡ್ಡು ಬೇಡ. ಟಿಬಿ ಟೆಸ್ಟ್ ಮಾಡಿಸೋಕೆ ಮೊದ್ಲು ಮೂರು ವಾರದ ಕೆಮ್ಮು ಅಂತ ಇದ್ದಿದ್ದನ್ನ 2009ರಲ್ಲಿ ಎರಡು ವಾರಕ್ಕೆ ಇಳಿಸಿದ್ರು, ಬೇಗ ಹಿಡೀಬೇಕು ಅಂತಾನೇ. ಬೇಗ ಹಿಡಿಯೋಕೆ ಕೇಳೋರು ಇರ್ಬೇಕಲ್ಲ.

ಮತ್ತೆ ಕಫ ಕೊಡಿ ಅನ್ನೋದೂ ಒಂದು ಕೆಲಸಾನೇ, ಅದನ್ನ ಯಾರೂ ಕೆಲಸ ಅಂತ ಅಂದ್ಕೊಳ್ಳಲ್ಲ. ಕಪ್ ಕೈಗೆ ಕೊಟ್ಟು "ಉಗುಳಿ ತಗೊಂಡ್ಬನ್ನಿ" ಅಂದ್ರೆ ಅವ್ರು ತರೋದು ಎಂಜಲು. ಎಂಜಲಲ್ಲಿ ಏನೂ ಕಾಣಲ್ಲ, ನೆಗೆಟಿವ್ ಅಂತ ಬರುತ್ತೆ, ರೋಗಿ ಮನೆಗೆ ಹೋಗ್ತಾರೆ, ಕಾಯಿಲೆ ಅವ್ರ ಜೊತೆ ಹೋಗುತ್ತೆ. ಸರಿಯಾಗಿ ಹೇಳೋದು ಅಂದ್ರೆ ಹೀಗೆ. ಬೆಳಗ್ಗೆ ಎದ್ದ ತಕ್ಷಣದ್ದು ಬೇಕು, ರಾತ್ರಿ ಎಲ್ಲ ಎದೇಲಿ ಕೂಡಿರುತ್ತೆ. ಬರೀ ನೀರಲ್ಲಿ ಬಾಯಿ ಮುಕ್ಕಳಿಸ್ಬೇಕು. ಉಸಿರು ಪೂರ್ತಿ ಎಳ್ಕೊಂಡು ಸ್ವಲ್ಪ ಹಿಡಿದು ಬಿಡ್ಬೇಕು, ಎರಡು ಮೂರು ಸಲ, ಆಮೇಲೆ ಹೊಟ್ಟೆಯಿಂದ ಕೆಮ್ಮಬೇಕು, ಗಂಟಲಿಂದ ಅಲ್ಲ. ಬಯಲಲ್ಲಿ ನಿಂತು ಮಾಡ್ಬೇಕು, ಬಚ್ಚಲು ಮನೇಲಿ ಅಲ್ಲ, ನಾಲ್ಕು ಜನ ಓಡಾಡೋ ಕಡೆ ಅಲ್ಲ. ಗಟ್ಟಿಯಾಗಿ, ಸ್ವಲ್ಪ ಹಳದಿ ಹಳದಿಯಾಗಿ ಬಂದ್ರೆ ಸರಿ. ಹೆಂಗಸರಿಗೆ ಎಲ್ಲರ ಎದುರು ಕಫ ತೆಗೆಯೋಕೆ ನಾಚಿಕೆ, ಅದಕ್ಕೇ ಮೇಲೆ ಮೇಲೆ ಉಗುಳಿ ತಂದುಬಿಡ್ತಾರೆ, ಅವ್ರನ್ನ ಹಿಂದಿನ ಅಂಗಳಕ್ಕೆ ಕರ್ಕೊಂಡು ಹೋಗಿ ನಾವು ಅತ್ತ ತಿರುಗಿ ನಿಂತ್ರೆ ಸಾಕು. ಎಷ್ಟು ಸಣ್ಣ ವಿಷಯ ನೋಡಿ, ಈಗ ಸಿಬಿನ್ಯಾಟ್, ಟ್ರೂನ್ಯಾಟ್ ಅಂತ ಎರಡು ಗಂಟೇಲಿ ರಿಪೋರ್ಟ್ ಕೊಡೋ ಮಷೀನ್ ಬಂದಿದೆ, ಎಂಥ ಮಷೀನ್ ಬಂದ್ರೂ ಒಳಗೆ ಹಾಕೋದು ಆ ಕಪ್ಪಲ್ಲಿ ಇರೋದನ್ನೇ.

ತುಮಕೂರಿನ ಆ ಸ್ಟಡಿ ನಂತ್ರ ಏನಾಯ್ತು ಅಂದ್ರೆ, ಜನ ಆಗ್ಲೇ ದವಾಖಾನೆಗೆ ಬರ್ತಿದಾರೆ ಅಂದ್ಮೇಲೆ ಬೇರೆ ಟಿಬಿ ಆಸ್ಪತ್ರೆ, ಎಕ್ಸ್‌ರೇ ವ್ಯಾನು ಅಂತ ಓಡಾಡೋ ಬದ್ಲು ಎಲ್ಲಾ ಸಾಮಾನ್ಯ ದವಾಖಾನೇಲೂ ಕಫ ನೋಡೋ ವ್ಯವಸ್ಥೆ ಮಾಡೋಣ, ಔಷಧಿ ಅಲ್ಲೇ ಕೊಡೋಣ ಅನ್ನೋ ಲೆಕ್ಕದಲ್ಲಿ 1962ರಲ್ಲಿ ಜಿಲ್ಲಾ ಟಿಬಿ ಕಾರ್ಯಕ್ರಮ ರೂಪ ಪಡೀತು. ಯೋಚನೆ ಬಹಳ ಒಳ್ಳೇದು. ಅದು ಕಾಗದದಲ್ಲಿ ಇದ್ದಷ್ಟು ಚೆನ್ನಾಗಿ ಓಪಿಡೀಲಿ ನಡೀಲಿಲ್ಲ, ದುಡ್ಡು ಬರ್ಲಿಲ್ಲ, ಔಷಧಿ ಪದೇ ಪದೇ ಖಾಲಿ, ಶುರು ಮಾಡಿದೋರಲ್ಲಿ ಬಹಳ ಜನ ಮುಗಿಸ್ಲೇ ಇಲ್ಲ. ತೊಂಬತ್ತರ ದಶಕದಲ್ಲಿ ಎಲ್ಲ ಬದಲಾಯಿಸಿ ಡಾಟ್ಸ್ ಬಂತು, ಅಂದ್ರೆ ಎದುರಿಗೆ ಕೂತು ಔಷಧಿ ನುಂಗಿಸೋ ಪದ್ಧತಿ, ಅದೆಲ್ಲ ಈಗಿನ ಮಕ್ಕಳಿಗೆ ಸಿಲಬಸ್ಸಲ್ಲೇ ಇದೆ.

ಇದೇ ಇನ್ಸ್ಟಿಟ್ಯೂಟಿನ ಇನ್ನೊಂದು ಸ್ಟಡಿ ಬಗ್ಗೆ ಹೇಳ್ಲೇಬೇಕು, ಹೇಳೋಕೆ ಕಷ್ಟ ಆದ್ರೂ. 1961ರಿಂದ 68ರ ತನಕ ಬೆಂಗಳೂರು ಜಿಲ್ಲೆಯ ಮೂರು ತಾಲೂಕಿನ 119 ಹಳ್ಳಿಗಳಿಗೆ ನಾಲ್ಕು ಸಲ ಹೋಗಿ ಎಲ್ರನ್ನೂ ಪರೀಕ್ಷೆ ಮಾಡಿದ್ರು. ಟಿಬಿ ಚಿಕಿತ್ಸೆ ಇನ್ನೂ ಹಳ್ಳಿಗಳಿಗೆ ಸರಿಯಾಗಿ ಮುಟ್ಟದೆ ಇದ್ದ ಕಾಲ ಅದು. ಮೊದಲ ಸಲ ಕಫದಲ್ಲಿ ಕಾಯಿಲೆ ಸಿಕ್ಕಿದೋರು ಐದು ವರ್ಷ ಆದ್ಮೇಲೆ ಏನಾದ್ರು ಅಂತ ನೋಡಿದ್ರೆ, ನೂರಕ್ಕೆ 49 ಜನ ತೀರ್ಕೊಂಡಿದ್ರು, 33 ಜನಕ್ಕೆ ತಾನಾಗೇ ವಾಸಿ ಆಗಿತ್ತು, 18 ಜನ ಇನ್ನೂ ಕೆಮ್ಮುತ್ತಾ ಕಾಯಿಲೆ ಹಂಚ್ತಾ ಇದ್ರು. ಔಷಧಿ ಇಲ್ಲದಿದ್ರೆ ಟಿಬಿ ಏನ್ ಮಾಡುತ್ತೆ ಅಂತ ಇಷ್ಟು ಸ್ಪಷ್ಟವಾಗಿ ಹೇಳೋ ಲೆಕ್ಕ ಪ್ರಪಂಚದಲ್ಲಿ ಬೆರಳೆಣಿಕೆ. ಇವತ್ತೂ ಕಂಪ್ಯೂಟರ್ ಮಾಡೆಲ್ ಮಾಡೋರು ಈ ಅಂಕಿ ತಗೋತಾರೆ. ನಾನು ಕ್ಲಾಸಲ್ಲಿ ಈ ಟೇಬಲ್ ಹಾಕಿದಾಗ ಮಕ್ಕಳಿಗೆ ಹೇಳೋದು, ಆ 49 ಅನ್ನೋದು ನಮ್ಮ ಅಜ್ಜಂದಿರ ತಲೆಮಾರಿನ ಜನ, ಬೆಂಗಳೂರು ಸುತ್ತಮುತ್ತ ಈಗ ಲೇಔಟ್ ಆಗಿರೋ ಹಳ್ಳಿಗಳೋರು, ನೋಡಿ ಓದಿ ಅಂತ. ಇಂಥ ಸ್ಟಡಿಗೆ ಇವತ್ತು ಯಾವ ಎಥಿಕ್ಸ್ ಕಮಿಟೀನೂ ಒಪ್ಪಲ್ಲ, ಒಪ್ಪಬಾರ್ದು ಕೂಡ. ಆದ್ರೆ ಅವ್ರ ಸಾವಿಂದ ಬಂದ ತಿಳುವಳಿಕೇನ ಬಳಸ್ಕೊಂಡು ಆಮೇಲೆ ಅವ್ರನ್ನ ಮರ್ತುಬಿಟ್ರೆ ಅದು ಇನ್ನೂ ದೊಡ್ಡ ಅನ್ಯಾಯ.

ಚೆಂಗಲ್‌ಪಟ್ಟು ಬಿಸಿಜಿ ಲಸಿಕೆ ಟ್ರಯಲ್ ಬಗ್ಗೇನೂ ಒಂದೆರಡು ಮಾತು. 1968ರಲ್ಲಿ ಶುರುವಾಗಿದ್ದು, ಎರಡೂವರೆ ಲಕ್ಷಕ್ಕೂ ಹೆಚ್ಚು ಜನ, ಪ್ರಪಂಚದಲ್ಲೇ ಅಷ್ಟು ದೊಡ್ಡದು ಅಪರೂಪ. ರಿಸಲ್ಟ್ ಬಂದಾಗ ದೊಡ್ಡೋರ ಶ್ವಾಸಕೋಶದ ಟಿಬಿಗೆ ಆ ಲಸಿಕೆಯಿಂದ ಏನೂ ಉಪಯೋಗ ಕಾಣ್ಲಿಲ್ಲ. ಸಣ್ಣ ಮಕ್ಕಳಿಗೆ ಮೆದುಳಿಗೆ ಬರೋ ಟಿಬಿ ತಡೆಯೋಕೆ ಬಿಸಿಜಿ ಬೇಕು, ಅದನ್ನ ಹಾಕಿಸ್ಲೇಬೇಕು, ಅದು ಬೇರೆ. ನಾನ್ ಹೇಳ್ತಿರೋದು, ಇಷ್ಟು ವರ್ಷ ಇಷ್ಟು ಖರ್ಚು ಮಾಡಿ ಕೊನೆಗೆ ಉಪಯೋಗ ಕಾಣ್ಲಿಲ್ಲ ಅಂತ ಇದ್ದದ್ದನ್ನ ಇದ್ದ ಹಾಗೆ ಪ್ರಿಂಟ್ ಮಾಡಿದ್ರಲ್ಲ, ಆ ಧೈರ್ಯ ದೊಡ್ಡದು. ಉತ್ತರ ಇಲ್ಲ ಅಂತಾನೂ ಬರ್ಬಹುದು ಅನ್ನೋ ಪ್ರಶ್ನೆ ಕೇಳಿದ್ರೇನೇ ಅದು ರಿಸರ್ಚು. ಪಾಠಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಕೇಳೋ ಪ್ರೀ ಟೆಸ್ಟ್ ಪೋಸ್ಟ್ ಟೆಸ್ಟಲ್ಲಿ ಅದಕ್ಕೆ ಜಾಗಾನೇ ಇಲ್ಲ, ಅಲ್ಲೇ ನಂಗೆ ಬೇಜಾರು.

ಈಗ ಕೆಲವ್ರು ಕೇಳ್ತಾರೆ, ಮೇಡಂ ನೀವು ಹೇಳೋದು ಹಳೇ ಕಥೆ, ಈಗಿನ ಸರ್ವೆ ಬೇರೆ ಹೇಳುತ್ತೆ ಅಂತ. ಹೌದು, 2019ರಿಂದ 21ರ ತನಕ ದೇಶದಲ್ಲಿ ಆದ ಟಿಬಿ ಸರ್ವೇಲಿ ಲಕ್ಷಣ ಇದ್ದೋರಲ್ಲಿ ನೂರಕ್ಕೆ 64 ಜನ ಎಲ್ಲೂ ತೋರಿಸಿರ್ಲಿಲ್ಲ, ಬಹಳ ಜನ ಏನೋ ಸಣ್ಣದು ಅಂತ ಬಿಟ್ಟಿದ್ರು. ನಾನು ಇದನ್ನ ಮುಚ್ಚಿಡಲ್ಲ, ನನ್ನ ವಾದಕ್ಕೆ ಇದು ಅಡ್ಡ ಬರುತ್ತೆ ಅಂತಾನೂ ಗೊತ್ತು. ಆದ್ರೆ ಸ್ವಲ್ಪ ನಿಧಾನವಾಗಿ ಓದ್ಬೇಕು. ಆ 64 ಅನ್ನೋದು ಕೆಮ್ಮು ಜ್ವರ ಇದೆ ಅಂದೋರೆಲ್ಲರ ಲೆಕ್ಕ, ಅವ್ರಲ್ಲಿ ಬಹಳಷ್ಟು ಜನಕ್ಕೆ ಟಿಬಿ ಇರ್ಲಿಲ್ಲ. ತುಮಕೂರಿನ ಸ್ಟಡಿ ಕೇಳಿದ್ದು ನಿಜವಾಗ್ಲೂ ಕಾಯಿಲೆ ಇದ್ದೋರನ್ನ. ಇನ್ನೊಂದು, ಈ ಹೊಸ ಸರ್ವೇಲೇ ಎಕ್ಸ್‌ರೇ ತೆಗೀದೇ ಇದ್ದಿದ್ರೆ ನೂರಕ್ಕೆ 43 ಟಿಬಿ ಕೇಸ್ ತಪ್ಪೋಗ್ತಿದ್ವು, ಅಂಥೋರಿಗೆ ಹೇಳ್ಕೊಳ್ಳೋ ಅಂಥ ಲಕ್ಷಣಾನೇ ಇರ್ಲಿಲ್ಲ. ಹಾಗಾದ್ರೆ ಓಪಿಡೀಲಿ ಕೂತು ಬಂದೋರನ್ನ ಕೇಳಿದ್ರಷ್ಟೇ ಸಾಲದು, ಎಕ್ಸ್‌ರೇ ತಗೊಂಡು ಊರಿಗೂ ಹೋಗ್ಬೇಕು ಅಂತ ಒಪ್ಕೋತೀನಿ. ಅದರ ಜೊತೆಗೇ ಇನ್ನೊಂದೂ ಹೇಳ್ತೀನಿ, ಬಂದು ಬಂದು ಸಿರಪ್ಪು ಇಸ್ಕೊಂಡು ಹೋದೋರು ಊರಿಗೆ ಹೋಗಿ ನೆರೆಹೊರೆಯೋರಿಗೆ ಏನ್ ಹೇಳಿರ್ತಾರೆ? ಹೋಗಿ ಪ್ರಯೋಜನ ಇಲ್ಲ ಅಂತ ತಾನೇ. ಅದನ್ನೂ ನಾವು "ತಿಳುವಳಿಕೆ ಕೊರತೆ" ಅಂತ ಕಾಲಂನಲ್ಲಿ ಬರ್ಕೋತೀವಿ.

ಒಳ್ಳೆ ಪ್ರಶ್ನೆ ಕೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಈಚಿನ ಉದಾಹರಣೆ ಬೇಕಂದ್ರೆ ನಮ್ಮ ಮಂಗಳೂರೇ ಇದೆ. ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತೆ ಅವ್ರ ಜೊತೆಯೋರು ಜಾರ್ಖಂಡಲ್ಲಿ ಮಾಡಿದ್ದು, ರೇಷನ್ಸ್ ಟ್ರಯಲ್ ಅಂತ, 2023ರ ಆಗಸ್ಟಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮದ್ರಾಸ್ ಟ್ರಯಲ್ ಆದ್ಮೇಲೆ ಔಷಧಿ ಇದ್ರೆ ಸಾಕು ಊಟ ಮುಖ್ಯ ಅಲ್ಲ ಅಂತ ಒಂದು ಅರ್ಥ ಬೇರೂರಿಬಿಟ್ಟಿತ್ತು. ಆ ಟ್ರಯಲ್ ಹೇಳಿದ್ದು ಅಷ್ಟಲ್ಲ, ಔಷಧಿ ಸರಿಯಾಗಿ ತಗೊಂಡ್ರೆ ಸ್ಯಾನಟೋರಿಯಂ ಊಟ ಇಲ್ದೇನೂ ವಾಸಿ ಆಗ್ತಾರೆ ಅಂತ ಮಾತ್ರ. ಹೊಟ್ಟೆಗಿಲ್ದೆ ಇರೋ ಮನೇಲಿ ಮುಂದಿನ ರೋಗಿ ಯಾರಾಗ್ತಾರೆ ಅಂತ ಅದು ಕೇಳಿರ್ಲಿಲ್ಲ. ಇವ್ರು ಅದನ್ನ ಕೇಳಿದ್ರು. 2,800 ರೋಗಿಗಳಿಗೆ ತಿಂಗಳಿಗೆ ಹತ್ತು ಕೇಜಿ ದಿನಸಿ ಬುಟ್ಟಿ, ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ಮನೆಯೋರು ಹತ್ತು ಸಾವಿರಕ್ಕೂ ಮೇಲೆ, ಅದರಲ್ಲಿ ಒಂದು ಗುಂಪಿಗೆ ತಲೆಗೆ ಐದು ಕೇಜಿ ಅಕ್ಕಿ, ಒಂದೂವರೆ ಕೇಜಿ ಬೇಳೆ ತಿಂಗಳಿಗೆ. ಇನ್ನೊಂದು ಗುಂಪಲ್ಲಿ ರೋಗಿಗೆ ಮಾತ್ರ. ಮನೆಯೋರಿಗೂ ಊಟ ಕೊಟ್ಟ ಕಡೆ ಹೊಸದಾಗಿ ಟಿಬಿ ಬರೋದು 39 ಪರ್ಸೆಂಟ್ ಕಮ್ಮಿ ಆಯ್ತು, ಲ್ಯಾಬ್ ಟೆಸ್ಟಲ್ಲಿ ಖಚಿತವಾದ ಶ್ವಾಸಕೋಶದ ಟಿಬಿ 48 ಪರ್ಸೆಂಟ್ ಕಮ್ಮಿ. ಯಾವ ದುಬಾರಿ ಲಸಿಕೆನೂ ಅಲ್ಲ, ಅಕ್ಕಿ ಬೇಳೆ. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ ಐದು ಪರ್ಸೆಂಟ್ ಏರಿದೋರಲ್ಲಿ ಸಾಯೋ ಅಪಾಯ ಬಹಳ ಕಡಿಮೆ ಇತ್ತು.

ಇಲ್ಲೂ ಅಷ್ಟೇ, ಆ ಮನೆಗಳಿಗೆ ತಕ್ಕಡಿ ಹಿಡ್ಕೊಂಡು ಹೋದೋರು, ತಿಂಗಳಾ ತಿಂಗಳಾ ತೂಕ ಬರ್ಕೊಂಡೋರು, ಬುಟ್ಟಿ ಮುಟ್ಟಿಸಿದೋರು ಇಲ್ಲದಿದ್ರೆ ಪೇಪರ್ರೇ ಇಲ್ಲ. ತೂಕ ನೋಡೋದು ಅಂದ್ರೆ ನಮ್ಮ ಕಡೆ ಅಷ್ಟು ಸಸಾರ, ರೋಗಿ ಚಪ್ಪಲಿ ಹಾಕ್ಕೊಂಡೇ ಮೆಷಿನ್ ಹತ್ತಿರ್ತಾರೆ, ಹೋದ ತಿಂಗಳು ಎಷ್ಟಿತ್ತೋ ಅದಕ್ಕೊಂದು ಅರ್ಧ ಕೇಜಿ ಸೇರಿಸಿ ಕಾರ್ಡಲ್ಲಿ ಬರೆಯೋದನ್ನೂ ನೋಡಿದೀನಿ. ಆ ಒಂದು ನಂಬರ್ ಮೇಲೆ ಒಬ್ರ ಜೀವದ ಲೆಕ್ಕ ನಿಂತಿದೆ ಅಂತ ಗೊತ್ತಾದ್ರೆ ಯಾರೂ ಹಾಗೆ ಬರೆಯಲ್ಲ. ಸರ್ಕಾರ 2018ರಿಂದ ರೋಗಿಗಳಿಗೆ ತಿಂಗಳಿಗೆ 500 ರೂಪಾಯಿ ಪೋಷಣೆಗೆ ಅಂತ ಹಾಕ್ತಿತ್ತು, 2024ರ ನವೆಂಬರಿಂದ ಅದು 1000 ಆಗಿದೆ. ಒಳ್ಳೇದೇ. ಆದ್ರೆ ದುಡ್ಡು ಅಕೌಂಟಿಗೆ ಬಿದ್ಮೇಲೆ ತಟ್ಟೆಗೆ ಏನು ಬಂತು, ಮನೆ ಮಕ್ಕಳಿಗೆ ಏನು ಬಂತು ಅನ್ನೋದು ಒಂದು ಒಳ್ಳೆ ಡಿಸರ್ಟೇಶನ್ ಪ್ರಶ್ನೆ. ಅದನ್ನ ನರ್ಸ್‌ಗಿಂತ ಚೆನ್ನಾಗಿ ಕೇಳೋರು ಯಾರಿದ್ದಾರೆ, ಅಡುಗೆ ಮನೆ ತನಕ ಬಿಟ್ಕೊಳ್ಳೋದು ನಮ್ಮನ್ನೇ.

ಈ ವರ್ಷ ಇಬ್ರು ಮಕ್ಳು ಒಪ್ಕೊಂಡಿದಾರೆ. ಒಬ್ಳು ಓಪಿಡಿ ರಿಜಿಸ್ಟರ್ ಮತ್ತೆ ಲ್ಯಾಬ್ ರಿಜಿಸ್ಟರ್ ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡು, ಕೆಮ್ಮು ಅಂತ ಬರೆಸಿದೋರಲ್ಲಿ ಎಷ್ಟು ಜನರ ಹೆಸರು ಲ್ಯಾಬ್ ರಿಜಿಸ್ಟರಲ್ಲಿ ಸಿಗುತ್ತೆ ಅಂತ ನೋಡ್ತಾಳೆ, ಆಮೇಲೆ ಓಪಿಡಿ ಬಾಗಿಲಲ್ಲಿ ನಿಂತು ಹೊರಗೆ ಬರೋರನ್ನ ಮಾತಾಡಿಸ್ತಾಳೆ, ಎಷ್ಟು ದಿನದಿಂದ, ಇದಕ್ಕೂ ಮುಂಚೆ ಎಲ್ಲೆಲ್ಲಿ ತೋರಿಸಿದ್ರಿ, ಕಫ ಕೇಳಿದ್ರಾ ಅಂತ. ಇನ್ನೊಬ್ಳು ಟಿಬಿ ಔಷಧಿ ತಗೋತಿರೋರ ಮನೆಗೆ ಹೋಗಿ ಹಿಂದಿನ ದಿನ ಮನೇಲಿ ಯಾರು ಏನು ಉಂಡ್ರು ಅಂತ ಬರ್ಕೋತಾಳೆ, ರೋಗಿ ಒಬ್ರದ್ದೇ ಅಲ್ಲ, ಎಲ್ಲರದ್ದೂ. ಗೈಡ್ ನಾನೇ. ಸಿನಾಪ್ಸಿಸ್ ನೋಡಿದ ಒಬ್ರು ಸೀನಿಯರ್ರು ಇದರಲ್ಲಿ ಇಂಟರ್ವೆನ್ಶನ್ ಎಲ್ಲಿದೆ, ಹೈಪಾಥಿಸಿಸ್ ಎಲ್ಲಿದೆ ಅಂದ್ರು, ಅವ್ರ ಜೊತೆ ಕೂತು ಬ್ಯಾನರ್ಜಿ ಪೇಪರ್ ಪ್ರಿಂಟೌಟ್ ಇಟ್ಟು ಮಾತಾಡಿದೀನಿ, ಅರ್ಧ ಒಪ್ಪಿದಾರೆ. ಎಥಿಕ್ಸ್ ಕಮಿಟಿ ಮುಂದೆ ಇನ್ನೂ ಹೋಗ್ಬೇಕು, ರಿಜಿಸ್ಟರ್ ನೋಡೋಕೆ ಡಿಟಿಓ (ಜಿಲ್ಲಾ ಟಿಬಿ ಅಧಿಕಾರಿ) ಆಫೀಸಿಂದ ಪರ್ಮಿಷನ್ ಲೆಟರ್ ಬೇಕು, ರೋಗಿಗಳ ಹೆಸರು ಹೊರಗೆ ಹೋಗ್ದೆ ಇರೋ ಹಾಗೆ ನಂಬರ್ ಹಾಕೋ ಕ್ರಮ ಕೂತು ಬರೀತಿದೀವಿ.

ಪಿಎಚ್‌ಸಿಲಿ ಕೆಲಸ ಮಾಡೋ ಸಿಸ್ಟರ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು, ಟಿಬಿ ಚಿಕಿತ್ಸೆ ಮೇಲ್ವಿಚಾರಣೆ ಮಾಡೋ ಎಸ್‌ಟಿಎಸ್‌ಗಳು ಇದನ್ನ ಓದ್ತಿದ್ರೆ ಒಂದು ಸಹಾಯ ಮಾಡಿ. ನಿಮ್ಮ ಓಪಿಡಿ ರಿಜಿಸ್ಟರಲ್ಲಿ ಕೆಮ್ಮು ಎಷ್ಟು ದಿನದಿಂದ ಅಂತ ಬರೆಯೋಕೆ ಕಾಲಂ ಇದೆಯಾ, ಇದ್ರೆ ಅದನ್ನ ಯಾರು ತುಂಬ್ತಾರೆ, ಕಪ್ ಕೊಟ್ಟೋರಲ್ಲಿ ವಾಪಸ್ ಕಫ ತರದೆ ಇರೋರನ್ನ ಎಲ್ಲಾದ್ರೂ ಗುರ್ತು ಹಾಕ್ಕೋತೀರಾ ಅಂತ ತಿಳಿಸಿ. ಊರು ಹೆಸರು ಬೇಡ, ರೋಗಿಗಳ ವಿವರ ಖಂಡಿತ ಬೇಡ, ಕಾಲಂ ಹೇಗಿದೆ ಅಂತ ಹೇಳಿದ್ರೆ ಸಾಕು, ಆ ಹುಡುಗಿ ಫಾರಂ ಮಾಡೋಕೆ ಅದು ತುಂಬಾ ಉಪಯೋಗಕ್ಕೆ ಬರುತ್ತೆ.